ಅತ್ತೆಯ ಬಾಲ

ಮೀನಮ್ಮನವರು ಮೀನು ಮಾರುವವರು ಎಂದು ಈ ಸಾಲುಗಳನ್ನು ಬರೆಯುತ್ತಿರುವ ಮನುಷ್ಯ ಬಹಳ ದಿನ ನಂಬಿಕೊಂಡಿದ್ದ. ನಂಬದೇ ಇರಲು ಕಾರಣವೂ ಇರಲಿಲ್ಲ. ಬೀದಿಯ ತುದಿಯಲ್ಲಿರುವ ಟೈಲರ್ ಅಂಗಡಿಯ ಮೇಲಿನ ಮನೆಯಲ್ಲಿ ಅವರ ವಾಸ. ಬೆಳಿಗ್ಗೆ ರಬ್ಬರಿನ ಏಪ್ರನ್ ಮಡಚಿ ಚೀಲಕ್ಕೆ ತುರುಕಿಕೊಂಡು ಹೊರಡುತ್ತಿದ್ದರು. ಸಂಜೆ ಮೊಣಕೈವರೆಗೆ ಬೂದುಬಣ್ಣ ಮೆತ್ತಿಕೊಂಡು ಬರುತ್ತಿದ್ದರು. ಬೆರಳಿಗೆ ಒಂದಲ್ಲ ಒಂದು ಪಟ್ಟಿ, ಮುಖದ ಮೇಲೆ ವಾರಪೂರ್ತಿ ಒಂದೇ ಸಿಟ್ಟು. ಬೀದಿಯವರೆಲ್ಲ ಕರೆಯುತ್ತಿದ್ದದ್ದು ಮೀನಮ್ಮ ಎಂದು. ಇಷ್ಟು ಸಾಕ್ಷಿ ಸಿಕ್ಕರೆ ನ್ಯಾಯಾಧೀಶರೇ ತೀರ್ಪು ಕೊಟ್ಟುಬಿಡುತ್ತಾರೆ, ಇನ್ನು ಬರೆಯುವವನದು ಯಾವ ಲೆಕ್ಕ! ಒಂದು ಸಂಜೆ, ನೆಂಟರು ಬರುತ್ತಾರೆಂದು ಹೆಂಡತಿ ಅಟ್ಟಿದ್ದರಿಂದ, ಅವನು ಕೈಚೀಲ ಹಿಡಿದು ಅವರನ್ನು ಮೆಟ್ಟಿಲ ಬುಡದಲ್ಲಿ ಅಡ್ಡಗಟ್ಟಿ, ಮೀನಿನ ವಿಷಯದಲ್ಲಿ ಬಹಳ ತಿಳಿದವನ ಧಾಟಿಯಲ್ಲಿ ಕೇಳಿದ:

“ಏನಮ್ಮಾ, ಇವತ್ತಿನ ಮಾಲು ತಾಜಾ ಇದೆಯಾ?”

ಮೀನಮ್ಮ ಅವನನ್ನು ಚಪ್ಪಲಿಯಿಂದ ಕನ್ನಡಕದವರೆಗೆ ನೋಡಿದರು.

“ಸತ್ತು ಹದಿನೆಂಟು ಕೋಟಿ ವರ್ಷ ಆಯ್ತು. ಒಂದು ಕೆಜಿ ಕಟ್ಟಿಕೊಡಲಾ?”

ಮೆಟ್ಟಿಲು ಹತ್ತಿ ಹೋದರು. ಬಾಗಿಲು ಬಡಿದುಕೊಂಡ ಸದ್ದಿಗೆ ಕೆಳಗಿನ ಅಂಗಡಿಯಲ್ಲಿದ್ದ ಅವರ ಗಂಡ ಹೊಲಿಗೆ ಯಂತ್ರದಿಂದ ತಲೆ ಎತ್ತಿ, “ನೀವೂ ಮೀನು ಅಂದ್ರಾ?” ಎಂದು ಸಂತಾಪದ ದನಿಯಲ್ಲಿ ಕೇಳಿದರು.

ಅಸಲು ಸಂಗತಿ ಇಷ್ಟು. ಮೀನಮ್ಮ ಊರಿನ ವಸ್ತುಸಂಗ್ರಹಾಲಯದಲ್ಲಿ ಕಲ್ಲಿನಿಂದ ಮೂಳೆ ಬಿಡಿಸುವವರು. ಅವರ ಕೋಣೆ ನೆಲಮಾಳಿಗೆಯಲ್ಲಿ, ಬಾಯ್ಲರಿನ ಪಕ್ಕ. ಗಾಳಿಯ ಒತ್ತಡಕ್ಕೆ ಗುಂಯ್‌ಗುಟ್ಟುವ ಉಕ್ಕಿನ ಸೂಜಿ, ಹಲ್ಲಿನ ಡಾಕ್ಟರು ಸಾಕೆಂದು ಬಿಸಾಡಿದ ಕೊಕ್ಕೆಗಳು, ಮರಳು ತುಂಬಿದ ತಟ್ಟೆಗಳು, ಅಂಟಿನ ಬಾಟಲಿಗಳು, ಕತ್ತು ಬಗ್ಗಿಸಿದ ಒಂದು ದೀಪ. ಒಂದು ಬೆರಳಗಲ ಮೂಳೆ ಹೊರಬರಲು ಕೆಲವೊಮ್ಮೆ ಒಂದು ವಾರ. ಅಷ್ಟು ಹೊತ್ತು ನಡುಗುವ ಸೂಜಿ ಹಿಡಿದೂ ಹಿಡಿದೂ ಅವರ ಬಲಗೈಯ ಎರಡು ಬೆರಳು ಚಳಿಯಲ್ಲಿ ಸುಣ್ಣದಂತೆ ಬೆಳ್ಳಗಾಗಿ ಮರಗಟ್ಟುತ್ತಿದ್ದವು. ಅದರ ಮೇಲೂ ಅವರಿಗೆ ಸಿಟ್ಟು.

ಮೇಲಿನ ದೊಡ್ಡ ಹಾಲ್‌ನಲ್ಲಿ, ಗೋಡೆಯ ಉದ್ದಕ್ಕೂ, ಕಬ್ಬಿಣದ ಸರಳಿನ ಮೇಲೆ ಈಜುತ್ತಿರುವಂತೆ ನಿಂತಿದ್ದ ಪ್ರಾಣಿಯನ್ನು ಬಿಡಿಸಿ ಜೋಡಿಸಿದ್ದು ಅವರೇ. ಹಕ್ಕಿಯ ಕೊಕ್ಕಿನಂಥ ಉದ್ದ ಮೂತಿ, ಅದರ ತುಂಬ ಹಲ್ಲು. ಊಟದ ತಟ್ಟೆಯಷ್ಟು ಅಗಲದ ಕಣ್ಣಿನ ಗುಳಿ, ಗುಳಿಯೊಳಗೆ ಹೂವಿನ ಎಸಳಿನ ಹಾಗೆ ಸುತ್ತ ಜೋಡಿಸಿಕೊಂಡ ಮೂಳೆಯ ಬಳೆ. ಕೈ ಇರಬೇಕಾದ ಕಡೆ ದೋಣಿಯ ಹುಟ್ಟು, ಅದರಲ್ಲಿ ಬೆರಳುಗಳೆಲ್ಲ ಒಂದಕ್ಕೊಂದು ಒತ್ತಿಕೊಂಡು, ನೆಲಕ್ಕೆ ಹಾಸಿದ ಸಣ್ಣ ಹೆಂಚುಗಳಂತೆ ಕೂತ ನೂರಾರು ಮೂಳೆಚೂರುಗಳು. ನೋಡಲು ಮೀನು, ವಂಶ ಸರೀಸೃಪಗಳದು. ಯಾವುದೋ ಕಾಲದಲ್ಲಿ ನೆಲದ ಮೇಲೆ ನಡೆದಾಡಿಕೊಂಡಿದ್ದವರ ಸಂತಾನ ನೀರಿಗೆ ಇಳಿದು, ಅಲ್ಲೇ ಹೊಂದಿಕೊಂಡು, ಕಾಲನ್ನು ಹುಟ್ಟು ಮಾಡಿಕೊಂಡು, ಮೀನಿನ ವೇಷ ಹಾಕಿತ್ತು. ಉಸಿರಿಗೆ ಮಾತ್ರ ಮೇಲೆ ಬರಲೇಬೇಕು. ಈ ವೇಷಕ್ಕೆ ಮೋಸಹೋಗಿ ನೋಡಲು ಬಂದವರೆಲ್ಲ ಅದನ್ನು ಮೀನು ಎನ್ನುತ್ತಿದ್ದರು, ಜೋಡಿಸಿದವರನ್ನು ಮೀನಮ್ಮ ಎನ್ನುತ್ತಿದ್ದರು. ತಮ್ಮ ಹೆಸರು ಕೆಟ್ಟದ್ದಕ್ಕಿಂತ ಅದರ ಕುಲ ಕೆಟ್ಟದ್ದು ಅವರಿಗೆ ಹೆಚ್ಚು ಉರಿ.

ಆ ಪ್ರಾಣಿಗೆ ‘ಅತ್ತೆ’ ಎಂದು ಹೆಸರಿಟ್ಟವರು ಅವರ ಗಂಡ.

“ನಮ್ಮಮ್ಮನ ಬೆನ್ನು ಸ್ವಲ್ಪ ತಿಕ್ಕು ಅಂದ್ರೆ ಕೈ ನೋವು ಅಂತಿದ್ದೆ,” ಎಂದಿದ್ದರು ಒಮ್ಮೆ, ಹಾಲ್‌ಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿ. “ಇದರ ಬೆನ್ನು ವರ್ಷಗಟ್ಟಲೆ ತಿಕ್ಕಿದೀಯ. ಇದೇ ಕಣೇ ನಿನ್ನ ನಿಜವಾದ ಅತ್ತೆ.”

“ಇವರು ಬಾಯಿ ತೆರೆದ್ರೂ ಮಾತಾಡಲ್ಲ ರೀ. ಅದಕ್ಕೇ ಹೊಂದಿಕೊಂಡಿದೀವಿ.”

ಅತ್ತೆ ಬಂದದ್ದು ಒಂದು ಕಲ್ಲುಗಣಿಯಿಂದ, ಮರದ ಪೆಟ್ಟಿಗೆಗಳಲ್ಲಿ, ಚೂರುಚೂರು ಹಾಸುಗಲ್ಲಾಗಿ. ಮೀನಮ್ಮ ಆಗಷ್ಟೇ ಕೆಲಸಕ್ಕೆ ಸೇರಿದ್ದರು. ಬಾಲ ಇದ್ದ ಕಲ್ಲಿನಲ್ಲಿ ಬೆನ್ನುಮೂಳೆ ನೆಟ್ಟಗೆ ಬಂದು, ಅರ್ಧದಾರಿಯಲ್ಲಿ, ಜೋತುಬಿದ್ದ ಕೊಂಬೆಯಂತೆ ತಟ್ಟನೆ ಕೆಳಕ್ಕೆ ಬಾಗಿತ್ತು. ಆಗಿನ ಮುಖ್ಯಸ್ಥರು ಹಳೆಯ ನಾಣ್ಯಗಳ ಪಂಡಿತರು. ಬಾಗಿದ ನಾಣ್ಯವನ್ನು ನೋಡುವ ಕಣ್ಣಿನಿಂದಲೇ ಅದನ್ನೂ ನೋಡಿ, “ಛೆ ಛೆ, ಬಾಲ ಮುರಿದಿದೆ. ನೆಟ್ಟಗೆ ಮಾಡಿಬಿಡಮ್ಮಾ,” ಎಂದರು. ಎಂದು, ನಾಣ್ಯಗಳ ಕಡೆ ಹೋದರು.

ಮೀನಮ್ಮ ನೆಟ್ಟಗೆ ಮಾಡಿದರು. ಸುಲಭವಾಗಿರಲಿಲ್ಲ. ಅತ್ತೆಯ ಬೆನ್ನುಮೂಳೆಯ ಒಂದೊಂದು ಬಿಲ್ಲೆಯೂ ಎರಡು ಚಹದ ತಟ್ಟೆಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದ ಹಾಗೆ, ಎರಡೂ ಕಡೆ ತಗ್ಗು. ಬೇರೆ ಕಡೆ ಅವು ಒಂದಕ್ಕೊಂದು ಚೆನ್ನಾಗಿಯೇ ಕೂತವು. ಬಾಲದ ಆ ಜಾಗದಲ್ಲಿ ಮಾತ್ರ ಹಟ ಹಿಡಿದವು. ಮೇಲಂಚು ತಾಗಿಸಿ ನೆಟ್ಟಗೆ ಇಟ್ಟರೆ ಕೆಳಗೆ ಸಂದು. ಕೆಳಗಂಚು ತಾಗಿಸಿದರೆ ಬಾಲ ಬಾಗುತ್ತದೆ. ಮೀನಮ್ಮ ಸಂದುಗಳಿಗೆಲ್ಲ ಪ್ಲಾಸ್ಟರ್ ಮೆತ್ತಿದರು. ಅದರ ಮೇಲೆ ಚಹದ ಕಷಾಯ ಸವರಿ ಮೂಳೆಯ ಬಣ್ಣ ಬರಿಸಿದರು. ಎಲ್ಲಿ ಮೂಳೆ, ಎಲ್ಲಿ ಪ್ಲಾಸ್ಟರ್ ಎಂದು ಅವರನ್ನು ಬಿಟ್ಟರೆ ದೇವರಿಗೂ ಗೊತ್ತಾಗುವಂತಿರಲಿಲ್ಲ.

ಹೆಸರು ಬಂತು. ‘ಮುರಿದ ಬಾಲಕ್ಕೆ ಮರುಜೀವ’ ಎಂದು ಪತ್ರಿಕೆಯಲ್ಲಿ ಫೋಟೋ. ಕತ್ತಿಯಂತೆ ನೆಟ್ಟಗೆ ಚಾಚಿದ ಆ ಬಾಲ ಸಂಗ್ರಹಾಲಯದ ಲಾಂಛನವೇ ಆಗಿಹೋಯಿತು. ಟಿಕೆಟ್ ಮೇಲೆ ಅದು, ಚಹದ ಲೋಟದ ಮೇಲೆ ಅದು, ಕಾವಲುಗಾರನ ಟೋಪಿಯ ಮೇಲೆ ಅದು. ಶಾಲೆಯ ಮಕ್ಕಳು ಸಾಲಾಗಿ ನೆಲದ ಮೇಲೆ ಕೂತು ಅದರ ಚಿತ್ರ ಬರೆದುಕೊಂಡು ಹೋದರು. ಹಾಗೆ ಬರೆದವರು ಬೆಳೆದು, ತಮ್ಮ ಮಕ್ಕಳನ್ನು ಕರೆತಂದರು. ಅವರೂ ಬರೆದುಕೊಂಡು ಹೋದರು. ಮೀನಮ್ಮ ಹಾಲ್‌ನಲ್ಲಿ ನಡೆಯುವಾಗ ಬಾಲದ ಹತ್ತಿರ ಹೆಜ್ಜೆ ಸ್ವಲ್ಪ ನಿಧಾನ ಮಾಡುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ಅದು ಮಂಡಿನೋವು.

ನಿವೃತ್ತಿಗೆ ಎರಡು ತಿಂಗಳು ಇರುವಾಗ ಬಾಲದ ಡಾಕ್ಟರು ಬಂದರು.

ಅವರು ರೋಗಿಗಳ ಡಾಕ್ಟರಲ್ಲ. ಸಮುದ್ರದ ಹಳೆಯ ಸರೀಸೃಪಗಳ ಬಾಲವೊಂದನ್ನೇ ಓದಿ ಡಾಕ್ಟರಾದ ತೆಳ್ಳನೆಯ ಯುವಕ. ದೂರದ ಊರಿನಿಂದ ಬಂದು, ತಲೆಯನ್ನು ನೋಡಲಿಲ್ಲ, ಕಣ್ಣಿನ ಬಳೆಯನ್ನು ನೋಡಲಿಲ್ಲ, ನೆಟ್ಟಗೆ ಬಾಲದ ಬಳಿಗೆ ಹೋಗಿ ನೆಲದ ಮೇಲೆ ಅಂಗಾತ ಮಲಗಿದ. ಮಲಗಿಕೊಂಡೇ ಕೇಳಿದ:

“ಅಮ್ಮಾ, ಇದನ್ನ ಯಾರು ನೆಟ್ಟಗೆ ಮಾಡಿದ್ದು?”

“ನಾನು,” ಎಂದರು ಮೀನಮ್ಮ, ಹೊಗಳಿಕೆಗೆ ಜಾಗ ಮಾಡಿಕೊಡುತ್ತ.

“ಯಾಕೆ?”

“ಯಾಕೆ ಅಂದ್ರೆ? ಮುರಿದಿತ್ತಪ್ಪಾ.”

“ಮುರಿದ ಮೂಳೆಗೆ ಮುರಿದ ಅಂಚು ಇರಬೇಕಲ್ವಾ ಅಮ್ಮಾ? ಇತ್ತಾ?”

ಮೀನಮ್ಮ ಏಪ್ರನ್ನಿನ ತುದಿಯಿಂದ ಸರಳು ಒರೆಸತೊಡಗಿದರು.

“ಕೆಳಗೆ ಸಂದು ಬಂದಿರಬೇಕು. ಏನು ತುಂಬಿದ್ರಿ?”

“ಪ್ಲಾಸ್ಟರ್.”

“ಎಲ್ಲಾ ಸಂದಿಗೂ?”

“ಎಲ್ಲಾ ಸಂದಿಗೂ! ಏನೀಗ? ಹಾಗೇ ಬಾಯಿ ಬಿಟ್ಕೊಂಡಿರಲಿ ಅಂತ ಬಿಡಬೇಕಿತ್ತಾ?”

“ಬಿಡಬೇಕಿರಲಿಲ್ಲ. ಮುಚ್ಚಬೇಕಿತ್ತು. ಕೆಳಗಂಚು ಕೆಳಗಂಚಿಗೆ ತಾಗಿಸಿ.” ಅವನು ಎದ್ದು ಕೂತು, ತನ್ನ ಬಲ ಮುಂಗೈಯನ್ನು ಮಣಿಕಟ್ಟಿನ ಹತ್ತಿರ ಕೆಳಕ್ಕೆ ಬಗ್ಗಿಸಿ ತೋರಿಸಿದ. “ಆ ಬಿಲ್ಲೆಗಳು ಬೆಣೆ ಥರ ಇವೆ ಅಮ್ಮಾ. ಮೇಲೆ ದಪ್ಪ, ಕೆಳಗೆ ತೆಳ್ಳಗೆ. ಅದು ಹುಟ್ಟಿದ್ದೇ ಹಾಗೆ. ಮೂಳೆ ಬಾಲದ ಕೆಳಗಿನ ರೆಕ್ಕೆಯೊಳಗೆ ಇಳಿಯುತ್ತೆ. ಮೇಲಿನ ರೆಕ್ಕೆ ಬರೀ ಮಾಂಸ, ಒಳಗೆ ಮೂಳೆ ಇಲ್ಲ, ಅದಕ್ಕೇ ಕಲ್ಲಲ್ಲಿ ಉಳಿಯಲ್ಲ. ಎರಡೂ ಸೇರಿದ್ರೆ ಅರ್ಧಚಂದ್ರ. ಬೀಸಿದ್ರೆ ಬಾಣದ ಥರ ಹೋಗ್ತಿತ್ತು. ನೀವು ನೆಟ್ಟಗೆ ಮಾಡಿರೋದ್ರಿಂದ…” ಎಂದು ಮಾತು ಹುಡುಕಿದ. “ಹಾವು ಈಜಿದ ಹಾಗೆ ಈಜಬೇಕು, ಪಾಪ.”

“ಇದೆಲ್ಲ ಯಾರು ಹೇಳಿದ್ದು ನಿಂಗೆ?”

“ಎಲ್ಲರೂ. ಗೊತ್ತಾಗಿ ನೂರು ವರ್ಷದ ಮೇಲಾಯ್ತು. ಚರ್ಮದ ನೆರಳೂ ಉಳಿದಿರೋ ಕಲ್ಲು ಸಿಕ್ಕಿತ್ತಲ್ಲ.”

“ಮುಚ್ಚೋ ಹೊತ್ತಾಯ್ತು,” ಎಂದರು ಮೀನಮ್ಮ. “ಹೊರಡು.”

“ಇನ್ನೂ ಮಧ್ಯಾಹ್ನ ಅಮ್ಮಾ.”

“ನಂಗೆ ಆಯ್ತು!”

ಅವನನ್ನು ಬಾಗಿಲವರೆಗೆ ಅಟ್ಟಿಸಿಕೊಂಡು ಹೋಗಿ, ಅವನ ಛತ್ರಿಯನ್ನು ಅವನ ಹಿಂದೆಯೇ ಹೊರಕ್ಕೆ ದಬ್ಬಿದರು. ಕಾವಲುಗಾರ ಟೋಪಿ ಸರಿಮಾಡಿಕೊಂಡು ಬೇರೆ ಕಡೆ ನೋಡಿದ. ಟೋಪಿಯ ಮೇಲೆ ಬಾಲ ನೆಟ್ಟಗೆ ಇತ್ತು.

ಮಾರನೆಯ ದಿನ ಹಾಲ್‌ಗೆ ವಾರದ ರಜೆ. ಮೀನಮ್ಮ ಒಬ್ಬರೇ ಏಣಿ ಹತ್ತಿ, ಒಂದು ಬಿಲ್ಲೆಯ ಕೆಳಗಿನ ಪ್ಲಾಸ್ಟರನ್ನು ಸಣ್ಣ ಉಳಿಯಿಂದ ಎಬ್ಬಿಸಿದರು. ಚೂರು ಅಂಗೈಗೆ ಬಿತ್ತು. ಒಂದು ಕಡೆ ಹರಿತವಾಗಿ, ಇನ್ನೊಂದು ಕಡೆ ದಪ್ಪವಾಗಿ, ಬಾಗಿಲು ಬಡಿಯದಂತೆ ಸಿಕ್ಕಿಸುವ ಬೆಣೆಯದೇ ಆಕಾರ. ದಪ್ಪ ಕಡೆಯಲ್ಲಿ, ಚಹದ ಬಣ್ಣದ ಕೆಳಗೆ, ಒಂದು ಹೆಬ್ಬೆರಳ ಗುರುತು. ಅವರದೇ ಎಳೆಯ ಬೆರಳು, ಆಗ ಇನ್ನೂ ಬೆಳ್ಳಗಾಗದ ಬೆರಳು, ಒತ್ತಿ ಒತ್ತಿ ತುಂಬಿದ್ದ ಗುರುತು.

ನಾಣ್ಯದ ಪಂಡಿತರ ಮೇಲೆ ಸಿಟ್ಟು ಮಾಡೋಣವೆಂದರೆ ಅವರು ತೀರಿಕೊಂಡು ಎಷ್ಟೋ ವರ್ಷ. ನೂರು ವರ್ಷದಿಂದ ಗೊತ್ತಿದ್ದೂ ಹೇಳದ ಜಗತ್ತಿನ ಮೇಲೆ ಸಿಟ್ಟು ಮಾಡೋಣವೆಂದರೆ ಅದಕ್ಕೆ ವಿಳಾಸವಿಲ್ಲ. ಉಳಿದದ್ದು ಈ ಹೆಬ್ಬೆರಳು. ಸಂದು ಕಂಡಿತ್ತು. ಕಂಡ ದಿನ ಕೈ ಒಂದು ಗಳಿಗೆ ನಿಂತೂ ಇತ್ತು, ಅದೂ ನೆನಪಿದೆ. ಹೊರಗೆ ಫೋಟೋದವನು ಕಾಯುತ್ತಿದ್ದ. ಪ್ಲಾಸ್ಟರ್ ಗಟ್ಟಿಯಾಗುವ ಮೊದಲು ಮೆತ್ತಬೇಕಿತ್ತು. ಮೆತ್ತಿದರು.

“ಥೂ ನಿನ್ನ!” ಎಂದರು ಮೀನಮ್ಮ, ಹೆಬ್ಬೆರಳಿಗೆ. ಖಾಲಿ ಹಾಲ್ ಅದನ್ನು ಇನ್ನೊಮ್ಮೆ ಅಂದಿತು.

ಮನೆಯಲ್ಲಿ ಆ ಸಂಜೆ ಪಾತ್ರೆಗಳು ತಮ್ಮ ತಮ್ಮ ಜಾಗಕ್ಕೆ ಹಾರಿ ಹೋಗಿ ಕೂತವು. ಗಂಡ ಅಂಗಡಿ ಮುಚ್ಚಿ, ಕತ್ತಿಗೆ ಅಳತೆಪಟ್ಟಿ ಹಾಕಿಕೊಂಡೇ ಮೇಲೆ ಬಂದು, ಪೂರ್ತಿ ಕಥೆ ಕೇಳಿಸಿಕೊಂಡರು.

“ನಂಗೂ ಒಮ್ಮೆ ಹೀಗೇ ಆಗಿತ್ತು ಕಣೇ. ಒಬ್ಬ ಗಿರಾಕಿಯ ಕೋಟಿಗೆ ಎರಡೂ ಎಡತೋಳೇ ಹೊಲಿದಿದ್ದೆ.”

“ಏನು ಮಾಡಿದ್ರಿ?”

“ಅವನು ತಗೊಳ್ಳೋಕೆ ಬಂದ ದಿನ ಊರಲ್ಲಿಲ್ಲ ಅಂತ ಹೇಳಿಸಿದೆ.”

“ನಿಮ್ಮ ಗಿರಾಕಿ ಒಂದಿನ ಬಂದು ಹೋದ ರೀ. ಅತ್ತೆ ಎಲ್ಲಿಗೂ ಹೋಗಲ್ಲ. ಎರಡೂ ಎಡತೋಳು ಹಾಕ್ಕೊಂಡು ಎಲ್ಲರೆದುರು ಇಷ್ಟು ವರ್ಷ ನಿಂತಿದೆ. ನಾನು ಅದರ ಪಕ್ಕ ನಿಂತು ಹಲ್ಲು ಕಿರಿದು ಫೋಟೋ ತೆಗೆಸ್ಕೊಂಡಿದೀನಿ!”

“ಹಲ್ಲು ಕಿರಿದಿದ್ದು ಅದೊಂದೇ ಸಲ, ಅದೂ ತಪ್ಪಾಯ್ತು,” ಎಂದರು ಗಂಡ. ಆಮೇಲೆ ಹೆಂಡತಿಯ ಮುಖ ನೋಡಿ ತಮಾಷೆ ಬಿಟ್ಟರು. “ಹೊಲಿಗೆ ಬಿಚ್ಚು. ಇನ್ನೇನು.”

ಬಿಚ್ಚಲು ಅಪ್ಪಣೆ ಬೇಕಿತ್ತು. ಈಗಿನ ಮುಖ್ಯಸ್ಥರನ್ನು ಎಲ್ಲರೂ ಹಿಂದಿನಿಂದ ‘ರಿಬ್ಬನ್ ಸಾಹೇಬರು’ ಎನ್ನುತ್ತಿದ್ದರು. ಮೇಜಿನ ಡ್ರಾಯರಿನಲ್ಲಿ ಅವರು ಪೆನ್ನು ಇಡದಿದ್ದರೂ ಕತ್ತರಿ ಇಟ್ಟಿರುತ್ತಿದ್ದರು. ಹೊಸ ನಲ್ಲಿ ಹಾಕಿಸಿದರೂ ರಿಬ್ಬನ್ ಕಟ್ಟಿಸಿ ಕತ್ತರಿಸುವವರು. ಈಗಂತೂ ಹಾಲ್‌ಗೆ ಹೊಸ ದೀಪಗಳು ಬಂದಿದ್ದವು, ದೀಪಗಳಿಗೆ ದಾನ ಕೊಟ್ಟ ಕಾರ್ಖಾನೆಯ ಮಾಲೀಕರು ಮುಂದಿನ ವಾರ ಉದ್ಘಾಟನೆಗೆ ಬರುವವರಿದ್ದರು, ಹೊರಬಾಗಿಲ ಮೇಲೆ ನೆಟ್ಟನೆಯ ಬಾಲದ ಅತ್ತೆ ಕಂಚಿನಲ್ಲಿ ಎರಕಗೊಂಡು ಏರಿ ಕೂತಿತ್ತು.

“ಬಾಲ ತಪ್ಪಾಗಿದೆ ಸಾರ್,” ಎಂದರು ಮೀನಮ್ಮ. “ನಾನೇ ತಪ್ಪು ಮಾಡಿದ್ದು. ಇಳಿಸಿ ಸರಿ ಮಾಡ್ತೀನಿ.”

“ನೀವು? ತಪ್ಪು? ನೋಡಿಮ್ಮಾ, ಇದು ನಿಮ್ಮ ದೊಡ್ಡತನ,” ಎಂದರು ಸಾಹೇಬರು, ಎದೆಯ ಮೇಲೆ ಕೈಯಿಟ್ಟು.

“ದೊಡ್ಡತನ ಅಲ್ಲ ಸಾರ್, ದಡ್ಡತನ. ಬಾಲ ಕೆಳಕ್ಕೆ ಬಾಗಿರಬೇಕು.”

“ಎಷ್ಟು ಬಾಗಿರಬೇಕು?”

ಮೀನಮ್ಮ ಕೈ ಬಗ್ಗಿಸಿ ತೋರಿಸಿದರು. ಸಾಹೇಬರ ಮುಖವೂ ಅಷ್ಟೇ ಬಾಗಿತು.

“ಜೋತುಬಿದ್ದ ಹಾಗೆ ಕಾಣುತ್ತಲ್ಲಮ್ಮಾ! ನಮ್ಮ ಸಂಸ್ಥೆಯ ಲಾಂಛನ ಅದು. ಪ್ರಗತಿಯ ಸಂಕೇತ. ಪ್ರಗತಿ ನೆಟ್ಟಗಿರಬೇಕು. ಕಂಚಿನದ್ದನ್ನ ಏನು ಮಾಡಲಿ ನಾನು?”

“ಬಗ್ಗಿಸಿ.”

ಸಾಹೇಬರು ಇದನ್ನು ಕೇಳಿಸಿಕೊಳ್ಳಲಿಲ್ಲ. ಅವರ ಬಳಿ ಒಂದು ಅಚ್ಚರಿಯ ಕೊಡುಗೆಯಿತ್ತು. ಮೇಜಿನ ಕೆಳಗಿನಿಂದ, ಕಾಗದ ಸುತ್ತಿದ ಒಂದು ಹಿತ್ತಾಳೆಯ ಫಲಕ ಎತ್ತಿ ಎದುರಿಗಿಟ್ಟರು. ಹೊಳೆಯುವ ಅಕ್ಷರಗಳಲ್ಲಿ, ‘ಈ ಪ್ರಾಣಿಯ ಬಾಲವನ್ನು ಸರಿಪಡಿಸಿದವರು’ ಎಂದು, ಅದರ ಕೆಳಗೆ ಮೀನಮ್ಮನವರ ಪೂರ್ತಿ ಹೆಸರು, ತಂದೆಯ ಹೆಸರಿನ ಸಮೇತ. ಅದರ ಕೆಳಗೆ, ಸ್ವಲ್ಪ ದೊಡ್ಡ ಅಕ್ಷರದಲ್ಲಿ, ಫಲಕ ಅನಾವರಣ ಮಾಡಿಸಿದ ಸಾಹೇಬರ ಹೆಸರು.

“ಬಾಲದ ಕೆಳಗೇ ಹಾಕಿಸ್ತೀನಿ. ನೀವು ನಿವೃತ್ತರಾದ್ರೂ, ಇನ್ನು ನೂರು ವರ್ಷ ಆದ್ರೂ ನಿಮ್ಮ ಹೆಸರು ಅಲ್ಲೇ ಇರುತ್ತೆ.”

ಮೀನಮ್ಮ ಫಲಕವನ್ನು ಮತ್ತೆ ಕಾಗದದಲ್ಲಿ ಸುತ್ತತೊಡಗಿದರು. ನೂರು ವರ್ಷ! ಮಾಡಿದ ತಪ್ಪಿಗೆ ಅಪ್ಪನ ಹೆಸರಿನ ಸಮೇತ ಸಹಿ ಹಾಕಿ, ಸ್ಕ್ರೂ ಬಿಗಿದು, ಮೇಲೆ ದೀಪ ಬೇರೆ. ಬಾಲದ ಡಾಕ್ಟರಂಥವರು ಊರೂರಿನಿಂದ ಬಂದು ಅಂಗಾತ ಮಲಗಿ, ಎದ್ದು, ಫಲಕ ಓದುತ್ತಾರೆ.

“ಬೇಡ ಸಾರ್.”

“ಸಂಕೋಚ ಪಡಬೇಡಿಮ್ಮಾ.”

“ಸಂಕೋಚ ಅಲ್ಲ ಸಾರ್, ಸಿಟ್ಟು!”

“ಕಣ್ಣಲ್ಲಿ ನೀರು ಬಂದಿದೆ ನೋಡಿ,” ಎಂದು ಸಾಹೇಬರು ಮರುಗಿ, ಅವರಿಗೆ ಕುಡಿಯಲು ನೀರು ತರಿಸಿದರು. ಬಾಲದ ಮಾತು ಅಲ್ಲಿಗೆ ಮುಗಿಯಿತು ಎಂದು ಅವರ ತಿಳುವಳಿಕೆ.

ಮೀನಮ್ಮ ಕೆಳಗೆ ಹೋಗಿ, ಒರಟಾಗಿ ದಬ್ಬಿ ಕಳಿಸಿದ್ದ ಬಾಲದ ಡಾಕ್ಟರಿಗೆ ಫೋನ್ ಮಾಡಿದರು. “ನೀನು ಹೇಳಿದ್ದು ಸರಿ. ಮುಂದಿನ ರಜಾದಿನ ಬಾ. ಹಳೇ ಬಟ್ಟೆ ಹಾಕ್ಕೊಂಡು ಬಾ,” ಎಂದರು. ಕ್ಷಮಾಪಣೆ ಎಂಬುದನ್ನು ಅವರು ಇದಕ್ಕಿಂತ ಉದ್ದ ಮಾಡಿ ಕೇಳಿದವರಲ್ಲ.

ರಜೆಯ ದಿನ ಬೆಳಿಗ್ಗೆ ಮೂವರು ಹಾಲ್‌ಗೆ ಬಂದರು. ಮೀನಮ್ಮ, ಬಾಲದ ಡಾಕ್ಟರು, ಊಟದ ಡಬ್ಬಿ ಹಿಡಿದ ಗಂಡ. ಕಾವಲುಗಾರ ಏನು ಕೆಲಸ ಎಂದು ಕೇಳಿದ್ದಕ್ಕೆ “ಧೂಳು ಹೊಡೀತೀವಿ” ಎಂದರು ಮೀನಮ್ಮ. ಒಂದು ಗಂಟೆ ಕಳೆಯುವುದರೊಳಗೆ ಅದು ನಿಜವೂ ಆಯಿತು. ಉಳಿ ಬಿದ್ದಲ್ಲೆಲ್ಲ ಪ್ಲಾಸ್ಟರಿನ ಬಿಳಿ ಮೋಡ ಎದ್ದು, ಮೂವರ ಹುಬ್ಬೂ ನೆರೆತವು.

ಪ್ಲಾಸ್ಟರ್ ಒಳ್ಳೆಯ ಕೆಲಸದ ಪ್ಲಾಸ್ಟರ್. ಬಿಡಲು ಒಪ್ಪಲಿಲ್ಲ. ಯಾರಪ್ಪಾ ಇಷ್ಟು ಗಟ್ಟಿ ಹಾಕಿದ್ದು ಎಂದು ಮೀನಮ್ಮ ಬಾಯಿತುಂಬ ಬೈದರು. ಹಾಕಿದವರಿಗೆ ಕೇಳಿಸುತ್ತಿತ್ತು. ಮಧ್ಯದಲ್ಲಿ ಮರಗಟ್ಟಿದ ಬೆರಳು ಮೋಸ ಮಾಡಿ, ಉಳಿ ಜಾರಿ, ಒಂದು ಬಿಲ್ಲೆ ಚಟ್ಟೆಂದು ಎರಡಾಯಿತು. ಇಡೀ ಬಾಲದಲ್ಲಿ ಮುರಿದ ಮೂಳೆ ಎಂದು ಇದ್ದದ್ದು ಈಗ ಅದೊಂದೇ. ಮೀನಮ್ಮ ಉಳಿಯನ್ನು ಹಾಲ್‌ನ ಆ ಕೊನೆಗೆ ಎಸೆದರು. ಆಮೇಲೆ ತಾವೇ ಹೋಗಿ ಹೆಕ್ಕಿ ತಂದರು. ಎರಡು ಚೂರುಗಳ ಮುರಿದ ಅಂಚು ಹೇಗಿರುತ್ತದೆ ಎಂದು ಬಹಳ ಹೊತ್ತು ನೋಡಿ, ಅಂಟು ಹಚ್ಚಿ, ಮರಳಿನ ತಟ್ಟೆಯಲ್ಲಿ ನಿಲ್ಲಿಸಿದರು.

ತೊಳೆದ ಬಿಲ್ಲೆಗಳನ್ನು ಮರಳಿನಲ್ಲಿ ಒಂದರ ಪಕ್ಕ ಒಂದು ಜೋಡಿಸಿದಾಗ ನಡೆದದ್ದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಮೇಲಂಚೂ ತಾಗಿತು, ಕೆಳಗಂಚೂ ತಾಗಿತು, ಎಲ್ಲಿಯೂ ಸಂದಿಲ್ಲ, ಸಾಲು ತಾನಾಗಿಯೇ ತಿರುಗಿ ಕೆಳಕ್ಕೆ ಇಳಿಯಿತು. ಅಂದು ನೆಟ್ಟಗೆ ಮಾಡಲು ಹಗಲೆಲ್ಲ ಹೆಣಗಿದ ಜಾಗ. ಬಾಗಲು ಎರಡು ನಿಮಿಷವೂ ಬೇಕಾಗಲಿಲ್ಲ. ಮೀನಮ್ಮ ಬಿಲ್ಲೆಗಳ ನಡುವೆ ಉಗುರು ತೂರಿಸಲು ನೋಡಿದರು. ತೂರಲಿಲ್ಲ.

“ಇಷ್ಟು ಸುಲಭವಾಗಿತ್ತು,” ಎಂದರು. ದನಿಯಲ್ಲಿ ಸಮಾಧಾನವಿರಲಿಲ್ಲ, ಉರಿಯಿತ್ತು. “ಸುಮ್ಮನೆ ಬಿಟ್ಟಿದ್ರೆ ಸಾಕಿತ್ತು ಮುಂಡೇದನ್ನ!”

ಕಬ್ಬಿಣದ ಸರಳನ್ನು ಬಗ್ಗಿಸಬೇಕಿತ್ತು. ಎಷ್ಟು ಬಗ್ಗಿಸಬೇಕೆಂದು ಗಂಡ ಮಂಡಿಯೂರಿ, ತೋಳಿನ ಬುಡಕ್ಕೆ ಬಾಗಿದ ಗೆರೆ ಹಾಕುವ ತಮ್ಮ ಮರದ ಬಾಗುಪಟ್ಟಿಯನ್ನು ಮರಳಿನ ಪಕ್ಕ ಹಿಡಿದು, ನೀಲಿ ಚಾಕಿನಿಂದ ಹಾಲ್‌ನ ನೆಲದ ಮೇಲೆ ಬಾಲದ ಗೆರೆ ಎಳೆದರು. “ಅತ್ತೆಗೆ ಭುಜ ಸ್ವಲ್ಪ ಇಳಿಜಾರು,” ಎಂದು ಗೊಣಗಿಕೊಂಡರು. ಡಾಕ್ಟರು ಉದ್ದನೆಯ ಕೊಳವೆಗೆ ಸರಳು ತೂರಿಸಿ, ಗೆರೆಗೆ ಸರಿಯಾಗಿ ಬಗ್ಗಿಸತೊಡಗಿದರು.

ರಿಬ್ಬನ್ ಸಾಹೇಬರು ಬಂದದ್ದು ಆಗ. ಹೊಸ ದೀಪದ ಬೆಳಕು ಫಲಕದ ಮೇಲೆ ಬೀಳುತ್ತದೆಯೇ ಎಂದು ನೋಡಲು, ಫಲಕವನ್ನು ಎದೆಗವಚಿಕೊಂಡು ಬಂದಿದ್ದರು. ಹಾಲ್ ತುಂಬ ಬಿಳಿ ಧೂಳು. ಅತ್ತೆಗೆ ಬಾಲವಿಲ್ಲ. ಬಾಲ ನೆಲದ ಮೇಲೆ ತಟ್ಟೆಗಳಲ್ಲಿ. ಟೈಲರ್ ಒಬ್ಬರು ಮಂಡಿಯೂರಿದ್ದಾರೆ. ಮೀನಮ್ಮ ಏಣಿಯ ಮೇಲಿದ್ದಾರೆ.

“ಏನಿದು! ಏನಮ್ಮಾ ಇದು! ನಾಡಿದ್ದು ಉದ್ಘಾಟನೆ! ವಾಪಸ್ ಹಾಕಿ! ಮೊದಲು ಹೇಗಿತ್ತೋ ಹಾಗೆ ಹಾಕಿ!”

“ಮೊದಲು ಹೇಗಿತ್ತೋ ಹಾಗೇ ಹಾಕ್ತಿದೀನಿ ಸಾರ್. ನನಗಿಂತ ಮೊದಲು.”

“ನಿಮ್ಮ ಮೇಲೆ ಕ್ರಮ ತಗೋತೀನಿ! ಬೀಳ್ಕೊಡುಗೆ ಇಲ್ಲ! ಈ ಫಲಕ, ನೋಡಿ, ಈ ಫಲಕ ಹಾಕಿಸಲ್ಲ!”

“ಹಾಕಿಸಬೇಡಿ! ಅದಕ್ಕೇ ತಾನೇ ಬೆಳಿಗ್ಗೆಯಿಂದ ಒದ್ದಾಡ್ತಿರೋದು!” ಮೀನಮ್ಮ ಏಣಿಯ ಮೇಲಿಂದ ಕೂಗಿದ ಕೂಗಿಗೆ ಹೊಸ ದೀಪಗಳು ತೂಗಾಡಿದವು. “ತಪ್ಪು ಮಾಡಿದೀನಿ ಅಂತ ನಾನೇ ಬಾಯಿಬಿಟ್ಟು ಹೇಳ್ತಿದ್ರೆ ಕೂರಿಸಿ ನೀರು ಕುಡಿಸ್ತೀರಲ್ಲ ಸಾರ್! ಅಷ್ಟು ಮಕ್ಕಳು ಬಂದು ಸುಳ್ಳನ್ನ ಅಚ್ಚುಕಟ್ಟಾಗಿ ಬರ್ಕೊಂಡು ಹೋದ್ರು. ನನ್ನ ಮಗಳೂ ಬರ್ಕೊಂಡಳು, ಅಡುಗೆಮನೆ ಗೋಡೆಗೆ ಅಂಟಿಸಿದ್ದೆ. ಇನ್ನೂ ನೂರು ವರ್ಷ ಬರೀಲಿ ಅಂತೀರಾ? ನನ್ನ ಹೆಸರಲ್ಲಿ?”

ಸಾಹೇಬರು ಡಾಕ್ಟರ ಕಡೆ ತಿರುಗಿದರು. “ನೀವಾದ್ರೂ ಹೇಳಿ. ನೆಟ್ಟಗೆ ಮಾಡೋಕೆ ಎಷ್ಟು ಹೊತ್ತು ಬೇಕು?”

“ಪ್ಲಾಸ್ಟರ್ ಒಣಗೋಕೇ ವಾರ ಬೇಕು ಸಾರ್,” ಎಂದರು ಡಾಕ್ಟರು, ಕೊಳವೆ ಬಿಡದೆ. “ಬಾಗಿದ್ದು ಬೇಕಂದ್ರೆ ಸಂಜೆಗೆ ಆಗುತ್ತೆ. ಇಲ್ಲಾಂದ್ರೆ ಬಾಲ ಇಲ್ಲದೇ ಉದ್ಘಾಟನೆ ಮಾಡಿ.”

ಸಾಹೇಬರು ಬಾಲವಿಲ್ಲದ ಅತ್ತೆಯನ್ನೂ ಕೈಯಲ್ಲಿದ್ದ ಫಲಕವನ್ನೂ ಒಮ್ಮೆ ನೋಡಿ, ಫಲಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೋದರು. ಮುಂದಿನ ಬೆಳಿಗ್ಗೆ ಮೀನಮ್ಮ ಬಂದಾಗ ಬಾಲ ಹಿಂದಿನ ಸಂಜೆ ತಾವು ಏರಿಸಿಟ್ಟ ಹಾಗೆಯೇ ಬಾಗಿಕೊಂಡಿತ್ತು. ಕಾಣುತ್ತಿರಲಿಲ್ಲ, ಅಷ್ಟೇ. ಅದರ ಮುಂದೆ, ಸಾಹೇಬರ ಅಪ್ಪಣೆಯಂತೆ, ಆಳೆತ್ತರದ ಒಂದು ಕುಂಡದ ಗಿಡ ನಿಂತಿತ್ತು. ಅಗಲ ಎಲೆಯ ಗಿಡ. ಪ್ಲಾಸ್ಟಿಕ್ಕಿನದು.

ಉದ್ಘಾಟನೆಯ ದಿನ ಹಾಲ್ ತುಂಬ ಜನ. ರಿಬ್ಬನ್ ಕತ್ತರಿಸಲಾಯಿತು. ದೀಪಗಳು ಹತ್ತಿದವು. ದೀಪದ ಮಾಲೀಕರು, ಹೊಟ್ಟೆಯ ಮೇಲೆ ಕೈ ಕಟ್ಟಿದ ದೊಡ್ಡ ಮನುಷ್ಯರು, ತಮ್ಮ ದೀಪಗಳನ್ನು ಒಂದೊಂದಾಗಿ ಮೆಚ್ಚಿ, ಅವುಗಳ ಕೆಳಗೆ ಏನೋ ಒಂದು ಪ್ರಾಣಿಯೂ ಇರುವುದನ್ನು ಗಮನಿಸಿದರು. ಸಾಹೇಬರು ಮೂತಿಯಿಂದ ವಿವರಿಸುತ್ತ, ಹಲ್ಲು, ಕಣ್ಣು, ಹುಟ್ಟು ಎಂದು ಹಿಂದಕ್ಕೆ ಹಿಂದಕ್ಕೆ ಬಂದು, ಸೊಂಟದ ಹತ್ತಿರ ಬರುವಾಗ “ಇನ್ನು ಚಹಾ” ಎಂದರು.

ಮೀನಮ್ಮ ಗೋಡೆಗೊರಗಿ ನಿಂತಿದ್ದರು. ಕರೆದಿರಲಿಲ್ಲ. ಟಿಕೆಟ್ ಕೊಂಡು ಒಳಗೆ ಬಂದಿದ್ದರು. ಅವರು ಜನರ ನಡುವೆ ದಾರಿ ಮಾಡಿಕೊಂಡು ಹೋಗಿ, ಪ್ಲಾಸ್ಟಿಕ್ ಗಿಡದ ಕೊರಳು ಹಿಡಿದು, ಕುಂಡದ ಸಮೇತ ಗರಗರ ಎಳೆದು ಪಕ್ಕಕ್ಕೆ ಹಾಕಿದರು. ಹೊಸ ಬೆಳಕೆಲ್ಲ ಬಾಲದ ಮೇಲೆ ಬಿತ್ತು. ಬೆನ್ನಿನಿಂದ ಹರಿದು ಬಂದು, ಕೆಳಕ್ಕೆ ತಿರುಗಿ, ಈಗಷ್ಟೇ ನೀರನ್ನು ಹಿಂದಕ್ಕೆ ಒದ್ದಂತಿದ್ದ ಬಾಲ. ಸಾಹೇಬರು ಕಣ್ಣು ಮುಚ್ಚಿಕೊಂಡರು.

ದೀಪದ ಮಾಲೀಕರು ಹತ್ತಿರ ಬಂದು, ಕತ್ತು ಓರೆ ಮಾಡಿ, ಒಳಗಿನಿಂದ ನೊಂದುಕೊಂಡರು.

“ಅಯ್ಯೋ ಪಾಪ! ಬಾಲವೇ ಮುರಿದು ಹೋಗಿದೆಯಲ್ಲಮ್ಮಾ! ಇಷ್ಟು ದುಡ್ಡು ಹಾಕಿ ದೀಪ ಮಾಡಿಸಿದೀವಿ. ಇದಕ್ಕೊಂದು ಪ್ಲಾಸ್ಟರ್ ಹಾಕಿಸಬಾರದಾ?”

“ಹಾಕಿದ್ದೆ,” ಎಂದರು ಮೀನಮ್ಮ. “ಮುರಿದದ್ದು ಅದನ್ನೇ.”